ಕಲ್ಲುಹಾಸಿನ ಬೀದಿಯ ಮೇಲೆ ಪುಟ್ಟ ಕಾರು ತೇಲದಂತೆ ನಿಲ್ಲಿಸುವುದು ಹೇಗೆ?

ಪ್ರಶ್ನೆ: ದೊಡ್ಡಪ್ಪ ಜರ್ಮನಿಯಿಂದ ತಂದಿದ್ದ ಎಚ್‌ಒ ಅಳತೆಯ (ನಿಜದ 87ರಲ್ಲಿ ಒಂದು ಪಾಲು) ಮಾದರಿ ರೈಲುಗಳನ್ನಿಟ್ಟುಕೊಂಡು ಮಲ್ಲೇಶ್ವರದ ಮನೆಯ ಮಹಡಿ ಕೋಣೆಯಲ್ಲಿ ಒಂದು ಲೇಔಟ್ (ಹಳಿ, ಊರು ಎಲ್ಲ ಸೇರಿದ ಪುಟ್ಟ ಮಾದರಿ) ಕಟ್ಟುತ್ತಿದ್ದೇನೆ. 1950ರ ದಶಕದ ಕೊನೆಯ ಜರ್ಮನ್ ಸಣ್ಣ ಪಟ್ಟಣ. ಸ್ಟೇಷನ್ ಎದುರಿಗೆ ಕಲ್ಲುಹಾಸಿನ ಬೀದಿ, ಗೂಡ್ಸ್ ಶೆಡ್ಡಿಗೆ ಹೋಗುವ ಒಂದು ಹಳಿ ಆ ಕಲ್ಲುಗಳ ನಡುವೆಯೇ ಹಾದುಹೋಗುತ್ತದೆ. ಪ್ಲಾಸ್ಟರ್ ಎರೆದು, ಸ್ಕೇಲು ಹಿಡಿದು ಗೆರೆ ಕೊರೆದೆ. ನೋಡಿದವರೆಲ್ಲ ‘ಟೈಲ್ಸ್ ಚೆನ್ನಾಗಿದೆ’ ಅನ್ನುತ್ತಾರೆ! ಕಾರು, ಲಾರಿಗಳಿಗೆ ಕನ್ನಡಿ, ವೈಪರ್, ನಂಬರ್ ಪ್ಲೇಟ್ ಎಲ್ಲ ಅಂಟಿಸಿದರೂ ಆಟಿಕೆಗಳಾಗಿಯೇ ಉಳಿದಿವೆ. ಇನ್ನೇನು ಸೇರಿಸಬೇಕು? ಬೆಂಗಳೂರಿನಲ್ಲಿ ಸಿಗುವ ಸಾಮಾನಿನಲ್ಲೇ ಆಗುತ್ತದೆಯೇ? ಬೀದಿಯಲ್ಲಿ ಒಂದು ಆಟೊ, ಒಂದು ಅಂಬಾಸಿಡರ್ ನಿಲ್ಲಿಸುವ ಆಸೆಯೂ ಇದೆ. ತಪ್ಪೇ?

ಉತ್ತರ: ಸೇರಿಸುವ ಕೆಲಸವನ್ನು ಸ್ವಲ್ಪ ದಿನ ನಿಲ್ಲಿಸಿ. ನೀವು ಕಳಿಸಿದ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ನಿಮ್ಮ ಕಾರುಗಳಿಗೆ ಬಿಡಿಭಾಗಗಳ ಕೊರತೆ ಏನೂ ಇಲ್ಲ, ವೈಪರ್ ಅಂತೂ ಅಚ್ಚುಕಟ್ಟಾಗಿ ಕೂತಿದೆ. ಆದರೆ ನಾಲ್ಕು ಚಕ್ರಗಳಲ್ಲಿ ಮೂರು ಮಾತ್ರ ನೆಲ ಮುಟ್ಟಿವೆ, ಮೈಯೆಲ್ಲ ಹೊಸ ಪ್ಲಾಸ್ಟಿಕ್ಕಿನ ಹೊಳಪು, ಲಾರಿಯ ಮೇಲಿನ ಧೂಳಿಗೂ ಅದರಡಿಯ ಕಲ್ಲಿಗೂ ಬಣ್ಣದಲ್ಲಿ ಯಾವ ನಂಟೂ ಇಲ್ಲ. ರಸ್ತೆಯನ್ನು ಒಂದು ಕೆಲಸವೆಂದು ಮುಗಿಸಿ, ವಾಹನಗಳನ್ನು ಬೇರೊಂದು ಕೆಲಸವೆಂದು ಮಾಡಿ ತಂದು ಇಟ್ಟಿದ್ದೀರಿ. ಇವೆರಡೂ ಒಂದೇ ಕೆಲಸ. ಟೈರು ಕಲ್ಲನ್ನು ಮುಟ್ಟುವ ಅರ್ಧ ಮಿಲಿಮೀಟರ್ ಜಾಗ ಸರಿಹೋದರೆ ಕನ್ನಡಿ ಇಲ್ಲದ ಕಾರೂ ನಿಜವೆನಿಸುತ್ತದೆ. ಅದು ಸರಿಯಿಲ್ಲದಿದ್ದರೆ ನೀವು ಎಷ್ಟು ಅಂಟಿಸಿದರೂ ವ್ಯರ್ಥ.

ಮೊದಲು ರಸ್ತೆಯ ವಿಚಾರ. ನಿಮ್ಮ ಗೆರೆಗಳು ಉದ್ದಕ್ಕೂ ಅಡ್ಡಕ್ಕೂ ನೇರವಾಗಿ ಓಡುತ್ತವೆ, ನಾಲ್ಕು ಕಲ್ಲಿನ ಮೂಲೆಗಳು ಒಂದೇ ಬಿಂದುವಿನಲ್ಲಿ ಸೇರುತ್ತವೆ. ಟೈಲ್ಸ್ ಎಂದವರು ತಪ್ಪು ಹೇಳಿಲ್ಲ. ಕಲ್ಲು ಹಾಸುವವನು ಹಾಗೆ ಹಾಸುವುದಿಲ್ಲ. ಸಾಲುಗಳು ರಸ್ತೆಗೆ ಅಡ್ಡಲಾಗಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುತ್ತವೆ. ಒಂದು ಸಾಲಿನ ಸಂದು ಮುಂದಿನ ಸಾಲಿನ ಕಲ್ಲಿನ ನಡುಭಾಗಕ್ಕೆ ಬರುತ್ತದೆ, ನಮ್ಮ ಗಾರೆಯವರು ಇಟ್ಟಿಗೆ ಗೋಡೆ ಕಟ್ಟುವ ಹಾಗೆಯೇ. ಉದ್ದಕ್ಕೆ ಓಡುವ ಸಂದು ಇದ್ದರೆ ಗಾಡಿಯ ಚಕ್ರ ಅದೇ ಸಂದಿನಲ್ಲಿ ಉರುಳುತ್ತಾ ಕಲ್ಲುಗಳನ್ನು ಸಡಿಲಿಸುತ್ತದೆ. ಅಡ್ಡಸಂದು ಇದ್ದರೆ ಕುದುರೆಯ ಲಾಳಕ್ಕೆ ಹಿಡಿತ ಸಿಗುತ್ತದೆ. ರಸ್ತೆಯ ಎರಡೂ ಅಂಚಿನಲ್ಲಿ ಮಾತ್ರ ಎರಡು ಮೂರು ಸಾಲು ಉದ್ದಕ್ಕೆ ಹಾಸಿರುತ್ತಾರೆ. ಅದು ನೀರು ಹರಿಯುವ ಚರಂಡಿ ಸಾಲು. ಈ ಒಂದು ತಿರುವು ಹಾಕಿದರೆ ಸಾಕು, ನಿಮ್ಮ ಬೀದಿಯ ಅರ್ಧ ರೋಗ ವಾಸಿ.

ಅಳತೆಗೆ ಬರೋಣ. ಜರ್ಮನಿಯ ಬೀದಿಗಳಲ್ಲಿ ದೊಡ್ಡ ಕಲ್ಲು ಸುಮಾರು 16 ಸೆಂಟಿಮೀಟರ್, ಸಣ್ಣದು 8ರಿಂದ 10, ಫುಟ್‌ಪಾತಿನ ಅಂಚಿಗೆ ಹಾಸುವ ಚೂರುಗಲ್ಲು 4ರಿಂದ 6 ಸೆಂಟಿಮೀಟರ್. ಎಚ್‌ಒ ಎಂದರೆ 1:87. ಹಾಗಾಗಿ ಅವು ನಿಮ್ಮ ಮೇಜಿನ ಮೇಲೆ 1.8 ಮಿ.ಮೀ., 1 ಮಿ.ಮೀ. ಮತ್ತು ಅರ್ಧ ಮಿ.ಮೀ. ಆಗುತ್ತವೆ. ನಿಮ್ಮ ಕಲ್ಲುಗಳು ಫೋಟೊದಲ್ಲಿ 4 ಮಿ.ಮೀ. ಇರುವಂತಿವೆ. ಅಂದರೆ ನಿಜದಲ್ಲಿ ಒಂದಡಿಗೂ ಮೀರಿದ ಬಂಡೆ. ಅಂಥ ಕಲ್ಲಿನ ಪಕ್ಕ ನಿಂತ ಕಾರು ತಾನಾಗಿಯೇ ಆಟಿಕೆಯಾಗುತ್ತದೆ, ಅದರ ತಪ್ಪೇನಿಲ್ಲ. ದೊಡ್ಡ ಕಲ್ಲನ್ನು ಸಾಲುಸಾಲಾಗಿ ಹಾಸುತ್ತಾರೆ. ಸಣ್ಣ ಕಲ್ಲನ್ನು ಬಿಲ್ಲಿನಾಕಾರದಲ್ಲಿ, ಒಂದರ ಪಕ್ಕ ಒಂದು ಕಮಾನು ಬರುವಂತೆ ಹಾಸುವುದು ಹೆಚ್ಚು. ಆ ಕಮಾನಿನ ಅಗಲ ನಿಜದಲ್ಲಿ ಒಂದು, ಒಂದೂವರೆ ಮೀಟರ್. ಎಚ್‌ಒದಲ್ಲಿ ಕಮಾನು ಕೈಯಲ್ಲಿ ಕೊರೆಯುವ ಸಾಹಸ ಬೇಡ. ಫಾಲರ್, ನೋಖ್, ಔಹಾಗನ್ ಮುಂತಾದ ಮಾದರಿ ತಯಾರಕರ ಅಚ್ಚಿನ ಹಾಳೆಗಳಲ್ಲಿ ನೋಡಿ ಕೊಳ್ಳಿ. ನೀವು ಸ್ಟೇಷನ್ ಎದುರಿನ ಬೀದಿ ಮಾಡುತ್ತಿದ್ದೀರಿ, ಭಾರದ ಗಾಡಿಗಳು ಓಡುವ ಜಾಗ. ಅಲ್ಲಿಗೆ ದೊಡ್ಡ ಕಲ್ಲಿನ ನೇರ ಸಾಲೇ ಸರಿ. ಕೊರೆಯುವುದಕ್ಕೂ ಅದೇ ಸುಲಭ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಹೆದರಬೇಡಿ. ಸಂದು ಸೇರಿ ಕಲ್ಲಿಗೆ 2 ಮಿ.ಮೀ. ಎಂದಿಟ್ಟುಕೊಂಡರೆ, ಒಂದು ಮೀಟರ್ ಉದ್ದ, 65 ಮಿ.ಮೀ. ಅಗಲದ ಬೀದಿಗೆ 500 ಸಾಲು, ಸಾಲಿಗೆ 32 ಕಲ್ಲು: ಒಟ್ಟು 16,000. ಇಷ್ಟನ್ನೂ ಕೈಯಲ್ಲಿ ಕೊರೆಯುವವರು ಇದ್ದಾರೆ, ಅವರಿಗೆ ನಮಸ್ಕಾರ. ನೀವು ಲೇಔಟಿನ ಮುಂಭಾಗದ, ಕಣ್ಣಿಗೆ ಹತ್ತಿರ ಬರುವ ಒಂದಡಿಯನ್ನು ಮಾತ್ರ ಕೈಯಲ್ಲಿ ಮಾಡಿ. ಅದರ ಹಿಂದಕ್ಕೆ ಅಚ್ಚು ಅಥವಾ ರೋಲರ್, ಮನೆಗಳ ನಡುವಿನ ಓಣಿಗೆ ಮುದ್ರಿತ ಹಾಳೆಯೂ ನಡೆಯುತ್ತದೆ. ಬಣ್ಣ ಒಂದೇ ಇದ್ದರೆ ಎಲ್ಲಿ ಕೈಕೆಲಸ ಮುಗಿಯಿತು, ಎಲ್ಲಿ ಹಾಳೆ ಶುರುವಾಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಸಾಮಾನಿನ ವಿಷಯ. ಪ್ಲಾಸ್ಟರಿಗಿಂತ ನಾನು ಸನ್‌ಬೋರ್ಡಿನ ಪಕ್ಷ. ಬೆಂಗಳೂರಿನಲ್ಲಿ ಫ್ಲೆಕ್ಸ್, ಬೋರ್ಡು ಮಾಡುವ ಯಾವ ಅಂಗಡಿಯಲ್ಲೂ 3 ಮಿ.ಮೀ. ದಪ್ಪದ್ದು ಸಿಗುತ್ತದೆ, ತುಂಡುಗಳನ್ನು ಕೆಲವರು ಸುಮ್ಮನೆ ಕೊಟ್ಟುಬಿಡುತ್ತಾರೆ. ಎರಡೂ ಬದಿ ಕಾಗದ ಅಂಟಿಸಿದ ಫೋಮ್ ಬೋರ್ಡ್ ಬೇಡ, ಪೂರ್ತಿ ಪಿವಿಸಿಯದ್ದು ಕೇಳಿ. ಜರ್ಮನಿಯ ಹವ್ಯಾಸಿಗಳು ಫೋರೆಕ್ಸ್ ಎಂದು ಬಳಸುವುದೂ ಇದೇ ಜಾತಿಯ ಹಾಳೆಯನ್ನು. ಥರ್ಮಾಕೋಲ್ ಮಾತ್ರ ಮುಟ್ಟಲೇಬೇಡಿ, ಗೆರೆ ಎಳೆದರೆ ಮಣಿಮಣಿಯಾಗಿ ಕಿತ್ತು ಬರುತ್ತದೆ.

ಬೋರ್ಡಿನ ನುಣುಪು ಚರ್ಮವನ್ನು ಎಮರಿ ಕಾಗದದಿಂದ ಹಗುರವಾಗಿ ಉಜ್ಜಿ ತೆಗೆಯಿರಿ. ಎರಡೂ ಅಂಚಿನಲ್ಲಿ 2 ಮಿ.ಮೀ.ಗೆ ಒಂದರಂತೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಗುರುತಿನಿಂದ ಗುರುತಿಗೆ ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ. ಸ್ಕೇಲನ್ನು ಹತ್ತು ಸಾಲಿಗೆ ಒಮ್ಮೆ ಮಾತ್ರ ಇಡಿ, ಮಿಕ್ಕಿದ್ದು ಬರಿಗೈಯಲ್ಲಿ. ಕೂದಲೆಳೆಯಷ್ಟು ಅಲುಗಾಟ ಬೇಕು. ಸಾಲಿನೊಳಗೆ ಕಲ್ಲು ಕಲ್ಲಿನ ನಡುವಿನ ಗಿಡ್ಡ ಸಂದಿಗೆ ಒಂದು ಹಳೆಯ ವಾಚ್ ಸ್ಕ್ರೂಡ್ರೈವರಿನ ತುದಿಯನ್ನು 1.8 ಮಿ.ಮೀ. ಅಗಲಕ್ಕೆ ಅರದಿಂದ ಉಜ್ಜಿಟ್ಟುಕೊಂಡು ಒಂದೊಂದೇ ಒತ್ತಿ. ಕೈ ಒಂದು ಲಯಕ್ಕೆ ಬಿದ್ದರೆ ಬೇಗ ಸಾಗುತ್ತದೆ, ರೇಡಿಯೊ ಹಾಕಿಕೊಂಡು ಮಾಡುವ ಕೆಲಸ. ಎಲ್ಲ ಮುಗಿದ ಮೇಲೆ ಹಿತ್ತಾಳೆಯ ತಂತಿ ಬ್ರಷ್‌ನಿಂದ ಮೆಲ್ಲಗೆ ಉಜ್ಜಿದರೆ ಕಲ್ಲಿನ ಅಂಚುಗಳು ಸವೆದು ದುಂಡಗಾಗುತ್ತವೆ. ಅಲ್ಲೊಂದು ಇಲ್ಲೊಂದು ಕಲ್ಲನ್ನು ಬೆಂಕಿಕಡ್ಡಿಯ ತುದಿಯಿಂದ ಅದುಮಿ ಸ್ವಲ್ಪ ತಗ್ಗಿಸಿ.

ಈಗಿರುವ ಪ್ಲಾಸ್ಟರನ್ನು ಕಿತ್ತೆಸೆಯಬೇಕಿಲ್ಲ, ಹಿಂಭಾಗಕ್ಕೆ ಉಳಿಸಿಕೊಳ್ಳಿ. ಉದ್ದಗೆರೆಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಹೊಸ ಸಾಲು ಕೊರೆಯಿರಿ. ಕೊರೆಯುವ ಮುನ್ನ ಬ್ರಷ್‌ನಿಂದ ನೀರು ಹಚ್ಚಿದರೆ ಪ್ಲಾಸ್ಟರ್ ಮೆತ್ತಗಾಗುತ್ತದೆ, ಧೂಳೂ ಏಳುವುದಿಲ್ಲ. ಮತ್ತೆ ಎರೆಯುವುದಾದರೆ ನೀರಿಗೆ ಚಿಟಿಕೆ ನಿಂಬೆ ಉಪ್ಪು ಹಾಕಿ, ಗಟ್ಟಿಯಾಗುವುದು ನಿಧಾನವಾಗಿ ಕೊರೆಯಲು ಸಮಯ ಸಿಗುತ್ತದೆ. ಅಡಿಗೆ ಉಪ್ಪು ಹಾಕಿದರೆ ಬೇಗ ಬಿಗಿಯುತ್ತದೆ, ಅದಲುಬದಲು ಮಾಡಿಕೊಳ್ಳಬೇಡಿ.

ನಿಮ್ಮ ರಸ್ತೆ ಕನ್ನಡಿಯ ಹಾಗೆ ಸಪಾಟಾಗಿದೆ, ಅದೂ ಸರಿಯಲ್ಲ. ನಡುವೆ ಎತ್ತರ, ಎರಡೂ ಅಂಚಿಗೆ ಇಳಿಜಾರು ಇರಬೇಕು; ಇಲ್ಲದಿದ್ದರೆ ಮಳೆನೀರು ಎಲ್ಲಿಗೆ ಹೋಗಬೇಕು? ಆರು ಮೀಟರ್ ಅಗಲದ ಬೀದಿಗೆ ಶೇ 3ರ ಇಳಿಜಾರು ಎಂದರೆ ನಡುವೆ 9 ಸೆಂಟಿಮೀಟರ್ ಎತ್ತರ, ಎಚ್‌ಒದಲ್ಲಿ ಒಂದು ಮಿಲಿಮೀಟರ್. ಸನ್‌ಬೋರ್ಡಿನ ಅಡಿಯಲ್ಲಿ ನಡುಮಧ್ಯಕ್ಕೆ 1 ಮಿ.ಮೀ. ದಪ್ಪದ ರಟ್ಟಿನ ಪಟ್ಟಿ ಇಟ್ಟು ಅಂಚುಗಳನ್ನು ಅಂಟಿಸಿದರೆ ಬೋರ್ಡು ತಾನೇ ಬಾಗಿಕೊಳ್ಳುತ್ತದೆ. ಈ ಒಂದು ಮಿಲಿಮೀಟರಿನಿಂದ ಬದಿಗೆ ನಿಲ್ಲಿಸಿದ ಕಾರು ಫುಟ್‌ಪಾತಿನ ಕಡೆಗೆ ಸಣ್ಣಗೆ ವಾಲುತ್ತದೆ. ಯಾರೂ ಅದನ್ನು ಬೆರಳು ಮಾಡಿ ತೋರಿಸಲಾರರು, ಆದರೆ ಕಣ್ಣು ನಂಬುವುದು ಅದನ್ನೇ. ಫುಟ್‌ಪಾತಿನ ಅಂಚುಗಲ್ಲು 12ರಿಂದ 15 ಸೆಂ.ಮೀ. ಎತ್ತರ, ಅಂದರೆ ಒಂದೂವರೆ ಮಿ.ಮೀ. ನಮ್ಮ ಬಡಾವಣೆಗಳ ಮೊಣಕಾಲೆತ್ತರದ ಫುಟ್‌ಪಾತ್ ನೋಡಿದ ಅಭ್ಯಾಸದಿಂದ ನಾವೆಲ್ಲ ಅದನ್ನು ಎತ್ತರ ಮಾಡಿಬಿಡುತ್ತೇವೆ. ಮ್ಯಾನ್‌ಹೋಲ್ ಮುಚ್ಚಳ 60 ಸೆಂ.ಮೀ., ಇಲ್ಲಿ 7 ಮಿ.ಮೀ. ಅದನ್ನು ಕಲ್ಲಿನ ಮೇಲೆ ಅಂಟಿಸಬೇಡಿ. ತೂತು ಕೊರೆದು ಕೂರಿಸಿ, ಸುತ್ತಲಿನ ಕಲ್ಲುಗಳನ್ನು ಅದರ ಅಂಚಿಗೆ ತಕ್ಕಂತೆ ತುಂಡಾಗಿ ಕೊರೆಯಿರಿ. ಎಲ್ಲೋ ಒಂದು ಕಡೆ ಪೈಪಿಗಾಗಿ ಅಗೆದು ಮತ್ತೆ ಹಾಸಿದ, ಸಾಲು ಸ್ವಲ್ಪ ಓರೆಯಾದ ಪಟ್ಟಿಯೂ ಇರಲಿ. ರಸ್ತೆ ಅಗೆಯುವುದು ಬೆಂಗಳೂರಿಗೆ ಮಾತ್ರ ಮೀಸಲಾದ ಕಲೆಯೇನಲ್ಲ.

ಕಲ್ಲುಗಳ ನಡುವೆ ಹಾದುಹೋಗುವ ಹಳಿಗೆ ಜಾಗ್ರತೆ ಬೇಕು. ನೋಟ ಕೆಟ್ಟರೆ ತಿದ್ದಬಹುದು, ಇಲ್ಲಿ ಎಡವಿದರೆ ರೈಲೇ ಹಳಿ ತಪ್ಪುತ್ತದೆ. ಹಳಿಗಳ ನಡುವಿನ ಅಂತರ 16.5 ಮಿ.ಮೀ. ಒಳಬದಿಯಲ್ಲಿ ಚಕ್ರದ ಫ್ಲ್ಯಾಂಜಿಗೆ (ಹಳಿಯಿಂದ ಜಾರದಂತೆ ತಡೆಯುವ ಅಂಚು) ಎರಡೂ ಕಡೆ 1.4 ಮಿ.ಮೀ. ಸಂದು ಬಿಡಿ. ಆಗ ನಡುವಿನ ಕಲ್ಲುಹಾಸಿನ ಪಟ್ಟಿ 13.7 ಮಿ.ಮೀ. ಅಗಲಕ್ಕೆ ಬರುತ್ತದೆ. ಸಂದಿನ ಆಳ ಕನಿಷ್ಠ 1.5 ಮಿ.ಮೀ. ಇರಲಿ. ದೊಡ್ಡಪ್ಪನವರ ಹಳೆಯ ಡಬ್ಬಿಗಳ ಫ್ಲ್ಯಾಂಜು ಇನ್ನೂ ಆಳವಿದ್ದರೆ ಕ್ಯಾಲಿಪರ್ ಹಿಡಿದು ನೋಡಿ ಅದಕ್ಕೆ ತಕ್ಕಂತೆ ಹೆಚ್ಚಿಸಿ. ಪಟ್ಟಿಯ ಮೇಲ್ಮೈ ಹಳಿಯ ತಲೆಗಿಂತ ಅರ್ಧ ಮಿ.ಮೀ. ಕೆಳಗೇ ನಿಲ್ಲಲಿ. ಸಮಕ್ಕೆ ತಂದರೆ ಹಳಿ ಒರೆಸಿದಾಗಲೆಲ್ಲ ಕಲ್ಲಿನ ಬಣ್ಣ ಉಜ್ಜಿಹೋಗುತ್ತದೆ. ರೈಲುಗಳು ಮಾರ್ಕ್ಲಿನ್ ಕಂಪನಿಯ ಮೂರನೇ ಸಂಪರ್ಕದ ಪದ್ಧತಿಯವಾದರೆ ಕಥೆ ಬೇರೆ: ಸ್ಲೀಪರುಗಳ ನಡುಮಧ್ಯದಲ್ಲಿ ಕಾಣುವ ಲೋಹದ ಚುಕ್ಕಿಗಳನ್ನು ಎಂಜಿನಿನ ಸ್ಲೈಡರ್ ಸವರಿಕೊಂಡು ಹೋಗಬೇಕು, ಅವನ್ನು ಮುಚ್ಚಿದರೆ ಕರೆಂಟೇ ಇಲ್ಲ. ಪಟ್ಟಿಯನ್ನು ಎರಡಾಗಿ ಸೀಳಿ ನಡುವೆ ಚುಕ್ಕಿಗಳಿಗೆ ದಾರಿ ಬಿಡಬೇಕಾಗುತ್ತದೆ. ಯಾವುದೇ ಆಗಲಿ, ಬಣ್ಣ ಹಚ್ಚುವ ಮೊದಲು ನಿಮ್ಮಲ್ಲಿರುವ ಅತಿ ಉದ್ದದ ಡಬ್ಬಿಯನ್ನು ಕೈಯಲ್ಲಿ ತಳ್ಳಿ ನೋಡಿ.

ಬಣ್ಣಕ್ಕೆ ಕೂರುವ ಮೊದಲು ಒಂದು ಬೆಳಿಗ್ಗೆ ಚರ್ಚ್ ಸ್ಟ್ರೀಟಿಗೆ ಹೋಗಿಬನ್ನಿ. 2018ರಲ್ಲಿ ಹೊಸದಾಗಿ ಕಲ್ಲು ಹಾಸಿ ತೆರೆದ ಬೀದಿ ಅದು. ಅಂಗಡಿ ತೆರೆಯುವ ಮುನ್ನ, ಬಿಸಿಲು ಓರೆಯಾಗಿ ಬೀಳುವಾಗ ನೋಡಿದರೆ ಕಲ್ಲಿನ ಬಣ್ಣ ಎಂದರೆ ಬೂದು ಒಂದೇ ಅಲ್ಲ ಎನ್ನುವುದು ತಿಳಿಯುತ್ತದೆ. ಪಕ್ಕಪಕ್ಕದ ಎರಡು ಕಲ್ಲೂ ಒಂದೇ ಬಣ್ಣದ್ದಲ್ಲ. ಟೈರು ಓಡುವ ಜಾಗ ನಯವಾಗಿ ಮಿನುಗುತ್ತದೆ, ಬೈಕು ನಿಲ್ಲುವ ಜಾಗದಲ್ಲಿ ಎಣ್ಣೆ ಕಲೆ, ಸಂದಿನಲ್ಲಿ ಕಸ. ಸಾಧ್ಯವಾದರೆ ಮಳೆ ನಿಂತ ಮೇಲೂ ಒಮ್ಮೆ ನೋಡಿ: ಕಲ್ಲಿನ ತಲೆ ಮೊದಲು ಒಣಗುತ್ತದೆ, ಸಂದು ಆಮೇಲೆ. ನೀವು ಬ್ರಷ್‌ನಿಂದ ಮಾಡಬೇಕಾದದ್ದು ಅದನ್ನೇ.

ತಳಕ್ಕೆ ಮಣ್ಣು ಬೆರೆತಂಥ ನಡುಬೂದು ಬಣ್ಣ. ಅಂಗಡಿಯ ಅಕ್ರಿಲಿಕ್ ಕಪ್ಪು ಬಿಳುಪನ್ನೇ ಬೆರೆಸಿದರೆ ನೀಲಿ ಛಾಯೆ ಬರುತ್ತದೆ, ಸ್ವಲ್ಪ ಕಂದು ಸೇರಿಸಿ. ಒಣಗಿದ ಮೇಲೆ ಹತ್ತು ಕಲ್ಲಿಗೆ ಒಂದನ್ನು ತುಸು ತಿಳಿಯಾಗಿ, ಒಂದನ್ನು ತುಸು ಗಾಢವಾಗಿ ಬಿಡಿಬಿಡಿಯಾಗಿ ತೀಡಿ. ವ್ಯತ್ಯಾಸ ಎದ್ದು ಕಂಡರೆ ಅದು ಹೆಚ್ಚಾಯಿತೆಂದೇ ಅರ್ಥ. ಆಮೇಲೆ ಗಾಢ ಕಂದು ಬಣ್ಣವನ್ನು ಎರಡನೇ ಡಿಕಾಕ್ಷನ್ನಿನಷ್ಟು ತೆಳ್ಳಗೆ ಮಾಡಿ, ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಎಲ್ಲ ಕಡೆ ಹರಿಯಬಿಡಿ. ಲಿಕ್ವಿಡ್ ಇಲ್ಲದಿದ್ದರೆ ನೀರು ಹನಿಹನಿಯಾಗಿ ನಿಲ್ಲುತ್ತದೆ, ಸಂದಿಗೆ ಇಳಿಯುವುದಿಲ್ಲ. ಕೊನೆಗೆ ತಿಳಿಬೂದು ಬಣ್ಣ ಅದ್ದಿ ಬಟ್ಟೆಗೆ ಒರೆಸಿದ ಒಣ ಬ್ರಷ್‌ನಿಂದ ಕಲ್ಲಿನ ತಲೆಗಳನ್ನು ಮಾತ್ರ ಸವರಿ. ಅಪ್ಪಟ ಕಪ್ಪು, ಅಪ್ಪಟ ಬಿಳಿ ಎಲ್ಲೂ ಬೇಡ. ಇಷ್ಟು ಸಣ್ಣ ವಸ್ತುವನ್ನು ನಾವು ನೋಡುವುದು ದೂರದಿಂದ ನೋಡಿದಂತೆ, ದೂರದಲ್ಲಿ ಬಣ್ಣಗಳು ತಿಳಿಯಾಗುತ್ತವೆ. ಸಂದು ತುಂಬಲು ರಂಗೋಲಿ ಪುಡಿ ಬಳಸುವವರಿದ್ದಾರೆ. ತೆಳು ಪಂಚೆ ಬಟ್ಟೆಯಲ್ಲಿ ಜರಡಿ ಹಿಡಿದು, ಬೂದು ಪೇಸ್ಟಲ್ ಪುಡಿ ಬೆರೆಸಿದರೆ ಚರಂಡಿ ಸಾಲಿಗೆ ಪರವಾಗಿಲ್ಲ. ರಸ್ತೆಯ ನಡುವೆ ಅದರ ಕಾಳು ದಪ್ಪವಾಯಿತು. ಚಕ್ರ ಓಡುವ ಎರಡು ಪಟ್ಟಿಗಳಲ್ಲಿ 6ಬಿ ಪೆನ್ಸಿಲಿನ ಪುಡಿಯನ್ನು ಬೆರಳಿನಿಂದ ತೀಡಿದರೆ ಸವೆದ ಕಲ್ಲಿನ ಮಿನುಗು ಬರುತ್ತದೆ. ಎನ್‌ಸಿ ಥಿನ್ನರ್ ಹಾಕಿದ ಯಾವ ಬಣ್ಣವನ್ನೂ ಸನ್‌ಬೋರ್ಡಿನ ಹತ್ತಿರ ತರಬೇಡಿ, ಮೇಲ್ಮೈ ಕರಗುತ್ತದೆ. ಕಾರಿನ ಪ್ಲಾಸ್ಟಿಕ್ಕಿಗೂ ಅದು ಆಗದು.

ಈಗ ವಾಹನಗಳು. ವೀಕಿಂಗ್, ಹೆರ್ಪಾ, ಬ್ರೆಕಿನಾ, ಬುಷ್ ಇವರ ಕಾರುಗಳು ಬಹುಪಾಲು ಅಂಟಿಲ್ಲದೆ ಹಿಡಿಕೆಗಳ ಮೇಲೆ ಕೂತಿರುತ್ತವೆ. ಮೈಯನ್ನು ಹಗುರವಾಗಿ ಅಗಲಿಸಿದರೆ ಅಡಿಭಾಗ, ಒಳಸೀಟು, ಗಾಜು ಬಿಡಿಬಿಡಿಯಾಗಿ ಬರುತ್ತವೆ. ಮೊದಲು ಎಲ್ಲವನ್ನೂ ಬಿಚ್ಚಿ. ಬಿಚ್ಚದೆ ಮ್ಯಾಟ್ ವಾರ್ನಿಷ್ ಹೊಡೆದರೆ ಗಾಜೂ ಮಂಜಾಗುತ್ತದೆ. ಮೈಗೆ ಮಾತ್ರ ಒಂದು ತೆಳು ಕೋಟು ಹೊಡೆಯಿರಿ. ಪಟ್ಟಣದ ಡಾಕ್ಟರ ಕಾರಾದರೆ ಅರೆಹೊಳಪು, ಕಲ್ಲಿದ್ದಲು ವ್ಯಾಪಾರಿಯ ಲಾರಿಯಾದರೆ ಪೂರ್ತಿ ಮ್ಯಾಟ್. ಜೂನ್‌ನಿಂದ ಅಕ್ಟೋಬರ್‌ವರೆಗೆ ಸ್ಪ್ರೇ ಹಿಡಿಯುವಾಗ ಆಕಾಶ ನೋಡಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ವಾರ್ನಿಷ್ ಬೂದಿ ಬಡಿದಂತೆ ಬಿಳಿಚಿಕೊಳ್ಳುತ್ತದೆ. ಒಣ ಮಧ್ಯಾಹ್ನ ಮಾಡುವುದು ಕ್ಷೇಮ. ಗಾಜು ಮತ್ತೆ ಕೂರಿಸಲು ಫೆವಿಕ್ವಿಕ್ ಬಳಸಲೇಬೇಡಿ, ಅದರ ಆವಿಯಿಂದ ಗಾಜಿನ ಒಳಗೆ ಬಿಳಿ ಮಂಜು ಕಟ್ಟುತ್ತದೆ. ಸಾದಾ ಫೆವಿಕಾಲ್ ಒಂದು ಚುಕ್ಕಿ ಸಾಕು, ಒಣಗಿದರೆ ಪಾರದರ್ಶಕ.

ನಿಮ್ಮ ಫೋಟೊಗಳಲ್ಲಿ ಎಲ್ಲಕ್ಕಿಂತ ಕಣ್ಣಿಗೆ ಹೊಡೆಯುವುದು ಟೈರು. ಕಾರ್ಖಾನೆಯಿಂದ ಬಂದ ಟೈರು ಪೂರ್ತಿ ದುಂಡು, ಕಡುಕಪ್ಪು, ಹೊಳಪು. ನಿಜವಾದ ಟೈರಿನ ಮೇಲೆ ಭಾರವಿರುತ್ತದೆ, ಅಡಿಭಾಗ ಚಪ್ಪಟೆಯಾಗಿರುತ್ತದೆ. 400ನೇ ನಂಬರಿನ ಎಮರಿ ಕಾಗದವನ್ನು ಗಾಜಿನ ಮೇಲೆ ಹರಡಿ, ಕಾರನ್ನು ಚಕ್ರ ತಿರುಗದಂತೆ ಹಿಡಿದು ಎರಡು ಮೂರು ಸಲ ಎಳೆದರೆ ಎಲ್ಲ ಚಕ್ರದ ಅಡಿ 0.2 ಮಿ.ಮೀ.ಯಷ್ಟು ಸವೆದು ಒಂದೇ ಮಟ್ಟಕ್ಕೆ ಬರುತ್ತವೆ. ಕಾರು ಅಷ್ಟು ತಗ್ಗುತ್ತದೆ ಕೂಡ, ಅದೂ ಒಳ್ಳೆಯದೇ. ಲಾರಿಯಲ್ಲಿ ಸರಕು ತುಂಬಿದ್ದರೆ ಹಿಂದಿನ ಆಕ್ಸಲ್ ಕೂರುವ ಕಚ್ಚನ್ನು ಅರದಿಂದ ಸ್ವಲ್ಪ ಆಳ ಮಾಡಿ ಹಿಂಭಾಗ ತಗ್ಗಿಸಿ. ಟೈರಿಗೆ ಗಾಢ ಬೂದು ಹಚ್ಚಿ, ನೆಲ ಮುಟ್ಟುವ ಕಡೆ ರಸ್ತೆಯದೇ ಧೂಳಿನ ಬಣ್ಣವನ್ನು ಸವರಿ. ಬದಿಗೆ ನಿಲ್ಲಿಸಿದ ಒಂದೆರಡು ಕಾರುಗಳ ಮುಂದಿನ ಚಕ್ರ ಓರೆಯಾಗಿರಲಿ; ಆಕ್ಸಲನ್ನು ನಡುವೆ ಕತ್ತರಿಸಿ ಚಕ್ರಗಳನ್ನು ಬೇರೆಬೇರೆಯಾಗಿ ಅಂಟಿಸಿದರೆ ಆಯಿತು. ಬೀದಿಯ ಮೇಲಿಟ್ಟು ಪ್ರತಿ ಚಕ್ರದಡಿ ಒಂದು ಕಾಗದದ ಚೂರು ತೂರಿಸಿ ನೋಡಿ. ಸಲೀಸಾಗಿ ಜಾರಿದರೆ ಆ ಚಕ್ರ ತೇಲುತ್ತಿದೆ. ಕಲ್ಲುಹಾಸು ಏರುಪೇರು ಇರುವುದರಿಂದ ನಿಲ್ಲುವ ಜಾಗದಲ್ಲೇ ಪರೀಕ್ಷಿಸಬೇಕು, ಟೇಬಲ್ಲಿನ ಮೇಲಲ್ಲ.

ಧೂಳು, ಕೊಳೆ ಹೇಗೆ ಕೂರುತ್ತದೆ ಎಂಬುದಕ್ಕೆ ಮಳೆಗಾಲದ ಬಿಎಂಟಿಸಿ ಬಸ್ಸಿಗಿಂತ ಒಳ್ಳೆಯ ಪಾಠವಿಲ್ಲ. ಚಕ್ರದ ಹಿಂದಕ್ಕೆ ಕೆಸರು ಚಿಮ್ಮಿರುತ್ತದೆ, ಹಿಂಭಾಗಕ್ಕೆ ಗಾಳಿ ಸುತ್ತಿ ತಂದ ಧೂಳು ಮೆತ್ತಿರುತ್ತದೆ, ಮುಂದಿನ ಗಾಜಿನಲ್ಲಿ ವೈಪರ್ ಓಡಿದ ಕಮಾನು ಮಾತ್ರ ತಿಳಿ. ಈ ಕ್ರಮವನ್ನು ಹಾಗೇ ತೆಗೆದುಕೊಳ್ಳಿ, ಬಣ್ಣವನ್ನು ತೆಗೆದುಕೊಳ್ಳಬೇಡಿ. ನಿಮ್ಮ ಓಪೆಲ್ ಬ್ಲಿಟ್ಸ್ ಲಾರಿಗೆ ಬಳಿದಿರುವುದು ನಮ್ಮ ಕೆಮ್ಮಣ್ಣಿನ ಕೆಂಪು! ಅದು ನೆಲಮಂಗಲದ ಕಡೆಯಿಂದ ಬಂದಂತಿದೆ. ಕಲ್ಲುಹಾಸಿನ ಜರ್ಮನ್ ಪಟ್ಟಣದಲ್ಲಿ ಧೂಳು ಬೂದುಗಂದು, ಜೊತೆಗೆ ಉಗಿ ಎಂಜಿನ್ನಿನ ಮಸಿ. ರಸ್ತೆಗೆ ಬಳಸಿದ ಅದೇ ಪೇಸ್ಟಲ್ ಪುಡಿಯನ್ನು ವಾಹನದ ಕೆಳಭಾಗಕ್ಕೂ ಹಚ್ಚಿ.

ಬಾಗಿಲಿನ ಗೆರೆಗಳಿಗೆ ಕಪ್ಪಿನ ಬದಲು ಮೈಬಣ್ಣವನ್ನೇ ಗಾಢ ಮಾಡಿ ಹರಿಸಿ. ಬಂಪರಿಗೆ ಬೆಳ್ಳಿ ಜೆಲ್ ಪೆನ್. ಹೆಡ್‌ಲೈಟಿಗೆ ಬೆಳ್ಳಿ ಚುಕ್ಕಿಯ ಮೇಲೆ ಪಾರದರ್ಶಕ ನೈಲ್ ಪಾಲಿಶ್ ಒಂದು ಹನಿ, ಹಿಂದಿನ ದೀಪಕ್ಕೆ ಗ್ಲಾಸ್ ಪೇಂಟಿನ ಕೆಂಪು. ದೀಪ ಬೆಳಗಿಸುವ ಹಂಬಲವಿದ್ದರೆ ಎಸ್‌ಪಿ ರಸ್ತೆಯಲ್ಲಿ 0402 ಅಳತೆಯ ಪುಟಾಣಿ ಎಲ್‌ಇಡಿಗಳನ್ನು ಕೇಳಿ, ಒಂದು ಮಿ.ಮೀ. ಉದ್ದ, ಅರ್ಧ ಮಿ.ಮೀ. ಅಗಲ. 12 ವೋಲ್ಟಿಗೆ 4.7 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಸುಮಾರು 2 ಮಿಲಿಆಂಪ್ ಹರಿಯುತ್ತದೆ, ಅಷ್ಟು ಧಾರಾಳ. ಅಂದಿನ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಇದ್ದದ್ದು 6 ವೋಲ್ಟಿನ ಬ್ಯಾಟರಿ, ದೀಪ ಮಂಕು ಹಳದಿ. ವಾರ್ಮ್ ವೈಟ್ ಕೊಳ್ಳಿ, ಕಾರಿನ ಒಳಮೈಗೆ ಕಪ್ಪು ಬಳಿಯಿರಿ, ಇಲ್ಲದಿದ್ದರೆ ಇಡೀ ಕಾರೇ ಲಾಟೀನಾಗುತ್ತದೆ.

ಇಸವಿಯ ವಿಷಯದಲ್ಲಿ ನೀವು ಕೆಲವು ಕಡೆ ಜಾರಿದ್ದೀರಿ. ಪಶ್ಚಿಮ ಜರ್ಮನಿಯಲ್ಲಿ ಬಿಳಿ ಪ್ಲೇಟಿನ ಮೇಲೆ ಕಪ್ಪಕ್ಷರದ ನಂಬರ್ ಬಂದದ್ದು 1956ರಲ್ಲಿ. ನಿಮ್ಮ ಕಾಲಕ್ಕೆ ಅದೇ ಸರಿ, ಆದರೆ ಪ್ಲೇಟು ದೊಡ್ಡದಾಯಿತು: 520ಕ್ಕೆ 110 ಮಿ.ಮೀ. ಎಂದರೆ ಎಚ್‌ಒದಲ್ಲಿ 6ಕ್ಕೆ 1.3 ಮಿ.ಮೀ. ಮುದ್ರಿಸಿ ಕತ್ತರಿಸಿದ ಮೇಲೆ ಕಾಗದದ ಬಿಳಿ ಅಂಚಿಗೆ ಮಾರ್ಕರ್ ಸವರಿ. ಬೀಟಲ್‌ನ ಹಿಂದಿನ ಕಿಟಕಿ 1953ರ ಆರಂಭದವರೆಗೆ ಎರಡು ಹೋಳು, ಆಮೇಲೆ 1957ರವರೆಗೆ ಅಂಡಾಕಾರ, ಅನಂತರ ದೊಡ್ಡ ಆಯತ. ಪಟ್ಟಣದಲ್ಲಿ ಮೂರೂ ಇರಬಹುದು, ಹಳೆಯದು ಹೆಚ್ಚು ಸವೆದಿರಬೇಕು ಅಷ್ಟೇ. ಇಸೆಟ್ಟಾ, ಗೋಗೊಮೊಬಿಲ್ ಎಂಬ ಪುಟಾಣಿ ಕಾರುಗಳು ಎರಡೂ 1955ರಿಂದ ಬೀದಿಗೆ ಬಂದವು, ನಿಮಗೆ ಒಪ್ಪುತ್ತವೆ. ಅಂದಿನ ಎಷ್ಟೋ ಕಾರುಗಳಿಗೆ ಹೊರಗನ್ನಡಿ ಇದ್ದರೆ ಡ್ರೈವರ್ ಬದಿಗೆ ಒಂದೇ. ನೀವು ಎರಡೂ ಬದಿಗೆ ಅಂಟಿಸಿರುವ ಕನ್ನಡಿಗಳಲ್ಲಿ ಬಲದ್ದನ್ನು ಕಿತ್ತುಬಿಡಿ. ಮತ್ತೆ, ಜರ್ಮನಿಯಲ್ಲಿ ವಾಹನ ಓಡುವುದು ರಸ್ತೆಯ ಬಲಕ್ಕೆ. ನಿಮ್ಮ ಬೀದಿಯಲ್ಲಿ ಎಲ್ಲವೂ ಸಂಪಿಗೆ ರಸ್ತೆಯ ಹಾಗೆ ಎಡಕ್ಕೆ ಹೋಗುತ್ತಿವೆ! ಓಡುತ್ತಿರುವಂತೆ ಇಟ್ಟ ಕಾರಿಗೆ ಡ್ರೈವರ್ ಬೇಕು. ಪ್ರೈಸರ್ ಕಂಪನಿಯ ಪುಟ್ಟ ಗೊಂಬೆಯ ಕಾಲು ಕತ್ತರಿಸಿ ಕೂರಿಸಬಹುದು. ಅದಕ್ಕಿಂತ ಸುಲಭದ ದಾರಿ, ಮುಕ್ಕಾಲು ಪಾಲು ವಾಹನಗಳನ್ನು ಬದಿಗೆ ನಿಲ್ಲಿಸಿಬಿಡುವುದು. ನಿಂತ ರೈಲಿನ ಪಕ್ಕ ನಿಂತ ಕಾರು ನಂಬಿಕೆಗೆ ಹತ್ತಿರ. ಓಡುವ ಭಂಗಿಯಲ್ಲಿ ಹೆಪ್ಪುಗಟ್ಟಿದ ಕಾರು ಪ್ರತಿ ಸಲ ರೈಲು ಹಾದಾಗಲೂ ಬಣ್ಣ ಬಯಲು ಮಾಡಿಕೊಳ್ಳುತ್ತದೆ.

ಅಂಗಡಿಗಳಲ್ಲಿ ಸಿಗುವ ಸಣ್ಣ ಲೋಹದ ಕಾರುಗಳ ಆಸೆ ಬಿಡಿ. ಅವು 1:64ರ ಆಸುಪಾಸಿನವು. ಬೀಟಲ್ ಎಚ್‌ಒದಲ್ಲಿ 47 ಮಿ.ಮೀ., ಇಂಗ್ಲೆಂಡಿನ 1:76ರಲ್ಲಿ 54, ಈ ಲೋಹದ ಕಾರುಗಳ ಅಳತೆಯಲ್ಲಿ 64. ಪಕ್ಕಪಕ್ಕ ಇಟ್ಟರೆ ಮಕ್ಕಳೂ ಹಿಡಿಯುತ್ತಾರೆ.

ವಾಹನಗಳನ್ನು ರಸ್ತೆಗೆ ಅಂಟಿಸಬೇಡಿ. ಒಂದು ಟೈರಿನ ಅಡಿಗೆ ಅರ್ಧ ಮಿ.ಮೀ. ತೂತು ಕೊರೆದು ಗುಂಡುಸೂಜಿಯ ತುಂಡು ಕೂರಿಸಿ, ಅದು ಕಲ್ಲಿನ ಸಂದಿಗೆ ಇಳಿಯಲಿ. ಧೂಳು ಹೊಡೆಯುವಾಗ ಎತ್ತಿಡಬಹುದು, ಮತ್ತೆ ಅದೇ ಎಣ್ಣೆಕಲೆಯ ಮೇಲೆ ತಂದು ನಿಲ್ಲಿಸಬಹುದು.

ಕೊನೆಗೆ ನಿಮ್ಮ ಆಸೆ. ಬಜಾಜ್ ಆಟೊ ಆ ಬೀದಿಯಲ್ಲಿ ಯಾವ ಲೆಕ್ಕದಲ್ಲೂ ಕೂರುವುದಿಲ್ಲ. ಮೂರು ಚಕ್ರದ ಗಾಡಿಯೇ ಬೇಕೆಂದರೆ ಟೆಂಪೊ ಹಾನ್ಸೆಯಾಟ್ ಇಡಿ. ಹ್ಯಾಂಬರ್ಗ್ ಕಡೆಯ ಕಂಪನಿ ಅದನ್ನು 1949ರಿಂದ ಮಾಡುತ್ತಿತ್ತು, ಸಣ್ಣ ವ್ಯಾಪಾರಿಗಳ ಸರಕು ಗಾಡಿ. ಮುಂದೆ ಬಜಾಜ್ ಟೆಂಪೊ ಕಂಪನಿ ಅದನ್ನೇ ನಮ್ಮಲ್ಲೂ ತಯಾರಿಸಿತು, ನಿಮ್ಮ ದೊಡ್ಡಪ್ಪ ನೋಡಿಯೇ ಇರುತ್ತಾರೆ. ಅಂಬಾಸಿಡರಿಗೂ ಒಂದು ಕಳ್ಳದಾರಿ ಇದೆ. ಅದರ ಮೂಲ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿ, ಇಂಗ್ಲೆಂಡಿನಲ್ಲಿ 1956ರಿಂದ ಬಂದದ್ದು. ಆ ವರ್ಷಗಳಲ್ಲಿ ಉತ್ತರ ಜರ್ಮನಿಯಲ್ಲಿ ಬ್ರಿಟಿಷ್ ಸೈನ್ಯ ಬೀಡುಬಿಟ್ಟಿತ್ತು. ನಿಮ್ಮ ಪಟ್ಟಣ ಉತ್ತರದ್ದು ಎಂದು ಇಟ್ಟುಕೊಂಡರೆ, ಯಾರೋ ಸೈನ್ಯಾಧಿಕಾರಿ ತನ್ನ ಮೋರಿಸ್ ತಂದಿದ್ದಾನೆ ಎನ್ನಬಹುದು. 4.3 ಮೀಟರ್ ಉದ್ದದ ಕಾರು, ಎಚ್‌ಒದಲ್ಲಿ 50 ಮಿ.ಮೀ.ಗೆ ಸ್ವಲ್ಪ ಕಮ್ಮಿ. ಸಿದ್ಧ ಮಾದರಿ ಸಿಗದಿದ್ದರೆ ರೆಸಿನ್ 3ಡಿ ಪ್ರಿಂಟ್ ಮಾಡಿಸಿ. ಸ್ಟಿಯರಿಂಗ್ ಬಲಕ್ಕೇ ಇರಲಿ, ಹಳದಿ ಟ್ಯಾಕ್ಸಿ ಪಟ್ಟಿ ಮಾತ್ರ ಹಾಕಬೇಡಿ.